ಲೇಪಾಕ್ಷಿಯ ಬಸವ, ಹೆಂಜೇರಿನ ಕಂಬ: ಕಲ್ಲಿನ ಮುಂದೆ ನಿಂತು ನೋಡುವ ಬಗೆ

ಮಡಕಶಿರಾ, ಅಮರಾಪುರ, ಗುಡಿಬಂಡೆ ಕಡೆಯ ಕನ್ನಡ ಶಾಲೆಗಳ ಮಕ್ಕಳಲ್ಲಿ ಲೇಪಾಕ್ಷಿಯನ್ನು ನೋಡದವರು ವಿರಳ. ಶಾಲೆಯಿಂದ ಒಮ್ಮೆ, ಮನೆಯವರೊಡನೆ ಒಮ್ಮೆ, ದೂರದ ನೆಂಟರು ಬಂದಾಗ ಮತ್ತೊಮ್ಮೆ ಎಂಬಂತೆ ಅಲ್ಲಿಗೆ ಹೋಗಿಬರುವುದು ವಾಡಿಕೆ. ಬಂದ ಮೇಲೆ ಏನು ನೋಡಿದಿರಿ ಎಂದು ಕೇಳಿದರೆ ದೊರೆಯುವ ಉತ್ತರ ಬಹುಮಟ್ಟಿಗೆ ಒಂದೇ: ದೊಡ್ಡ ಬಸವಣ್ಣ, ನೇತಾಡುವ ಕಂಬ, ಸೀತೆಯ ಪಾದ. ನಮ್ಮ ಮೊದಲ ಭೇಟಿಯೂ ಹೀಗೆಯೇ ಮುಗಿದಿತ್ತು. ಒಂದೂವರೆ ಗಂಟೆಯಲ್ಲಿ ಎಲ್ಲವನ್ನೂ ನೋಡಿ ಮುಗಿಸಿದೆವೆಂದು ಭಾವಿಸಿ ಹಿಂದೂಪುರದ ಬಸ್ಸು ಹಿಡಿದೆವು. ಮನೆಯಲ್ಲಿ ಕುಳಿತು ನೆನಪಿಸಿಕೊಂಡಾಗ, ಕಂಬದ ಅಡಿಯಲ್ಲಿ ತೂರಿಸಿದ ಬಟ್ಟೆಯ ಬಣ್ಣ ನೆನಪಿನಲ್ಲಿತ್ತು; ಆ ಕಂಬದ ಮೇಲೆ ಏನನ್ನು ಕೆತ್ತಿದ್ದಾರೆಂಬುದು ನೆನಪಿನಲ್ಲಿರಲಿಲ್ಲ.

ಆ ನಾಚಿಕೆಯಿಂದಲೇ ಎರಡನೆಯ, ಮೂರನೆಯ ಭೇಟಿಗಳು ನಡೆದವು ಎಂದರೆ ತಪ್ಪಾಗದು. ಅವುಗಳಿಂದ ನಾವು ತಿಳಿದುಕೊಂಡುದನ್ನು ಈ ಬೇಸಿಗೆಯ ರಜೆಗೆ ಮುನ್ನ ಮಕ್ಕಳ ಪಾಲಕರ ಮುಂದಿಡುತ್ತಿದ್ದೇವೆ. ಶಿಲ್ಪವನ್ನು ಸವಿಯಲು ಶಾಸ್ತ್ರಪಾಂಡಿತ್ಯ ಬೇಕಿಲ್ಲ. ಎಲ್ಲಿ ನಿಲ್ಲಬೇಕು, ಯಾವ ಬೆಳಕಿನಲ್ಲಿ ನೋಡಬೇಕು ಎಂಬ ಅರಿವಿದ್ದರೆ ಅರ್ಧ ಕೆಲಸ ಮುಗಿಯಿತು. ಉಳಿದರ್ಧಕ್ಕೆ ಕನ್ನಡ ಓದಬಲ್ಲ ಮಗುವಿಗೆ ಒಂದು ವಿಶೇಷ ಅನುಕೂಲವಿದೆ. ಅದನ್ನು ಮುಂದೆ ಹೇಳುತ್ತೇವೆ.

ಮೊದಲು ಬಸವನ ಬಳಿಗೆ ಹೋಗೋಣ. ವೀರಭದ್ರ ದೇವಾಲಯದಿಂದ ಸುಮಾರು 200 ಮೀಟರ್ ದೂರದಲ್ಲಿ, ಮಂಟಪವಾಗಲಿ ಮಾಡಾಗಲಿ ಇಲ್ಲದೆ, ತೆರೆದ ಆಕಾಶದ ಕೆಳಗೆ ಈ ನಂದಿ ಮಲಗಿದೆ. ಉದ್ದ ಸುಮಾರು 27 ಅಡಿ, ಎತ್ತರ ಸುಮಾರು 15 ಅಡಿ. ಒಂದೇ ಬಂಡೆ. ಮೈಸೂರಿನ ಚಾಮುಂಡಿ ಬೆಟ್ಟದ ನಂದಿಯನ್ನು ಕಂಡವರು ಎರಡನ್ನೂ ಮನಸ್ಸಿನಲ್ಲಿ ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಬೆಟ್ಟದ ನಂದಿಯು ಶತಮಾನಗಳ ಎಣ್ಣೆ ಕುಡಿದು ಕಪ್ಪಾಗಿ ಮಿರುಗುತ್ತದೆ. ಅದು ಪೂಜೆಗೊಳ್ಳುವ ದೇವರು, ಎದುರಿಗೆ ನಿಂತಾಗ ಕೈಗಳು ತಾವಾಗಿಯೇ ಜೋಡಿಸಿಕೊಳ್ಳುತ್ತವೆ. ಲೇಪಾಕ್ಷಿಯ ನಂದಿಯ ಮೈಯಲ್ಲಿ ಎಣ್ಣೆಯ ಲೇಪವಿಲ್ಲ. ಕಲ್ಲು ತನ್ನ ಸಹಜ ಬಣ್ಣದಲ್ಲಿಯೇ ಉಳಿದಿದೆ. ಆದುದರಿಂದ ಉಳಿಯ ಕೆಲಸವು ಕಣ್ಣಿಗೆ ನೇರವಾಗಿ ಕಾಣುತ್ತದೆ, ಹೊತ್ತು ಕಳೆದಂತೆ ಬಣ್ಣವೂ ಬದಲಾಗುತ್ತದೆ. ಮಧ್ಯಾಹ್ನ 12ರ ಬಿಸಿಲಿನಲ್ಲಿ ಅದು ಒಂದು ದೊಡ್ಡ ಬಂಡೆ ಮಾತ್ರ. ನೆರಳಿಲ್ಲದ ಕಲ್ಲಿನಲ್ಲಿ ಆಕಾರವು ಕರಗಿಹೋಗುತ್ತದೆ. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲು ಬಿದ್ದಾಗ ಕೊರಳ ಹಾರಗಳು, ಗಂಟೆಗಳು, ಬೆನ್ನ ಮೇಲೆ ಹಾದುಹೋದ ಪಟ್ಟಿಗಳು ಒಂದೊಂದಾಗಿ ಎದ್ದು ನಿಲ್ಲುತ್ತವೆ. ಶಾಲಾ ಪ್ರವಾಸದ ಬಸ್ಸುಗಳು ಬಹುತೇಕ ನಡುಹಗಲಿಗೇ ಬಂದು ಸೇರುವುದು ನಮ್ಮ ದುರದೃಷ್ಟ.

ಎಲ್ಲರೂ ಚಿತ್ರ ತೆಗೆಸಿಕೊಳ್ಳುವುದು ಮುಖದ ಎದುರಿಗೆ. ಅಲ್ಲಿಂದ ಮಗುವನ್ನು ನಿಧಾನವಾಗಿ ಬಲಕ್ಕೆ ಕರೆದೊಯ್ಯಿರಿ. ಪಕ್ಕಕ್ಕೆ ಬಂದಾಗ ಕುತ್ತಿಗೆಯ ನಿಲುವು ಗಮನಕ್ಕೆ ಬರುತ್ತದೆ. ಸಾಮಾನ್ಯವಾಗಿ ನಂದಿಗಳು ಶಾಂತವಾಗಿ ತಲೆ ತಗ್ಗಿಸಿದಂತೆಯೋ ಸಮವಾಗಿ ಹಿಡಿದಂತೆಯೋ ಇರುತ್ತವೆ. ಇದು ತಲೆಯೆತ್ತಿದೆ. ಮಲಗಿದ್ದ ಎತ್ತು ಪರಿಚಿತ ಸದ್ದೊಂದನ್ನು ಕೇಳಿ ಕತ್ತೆತ್ತಿದಾಗ ಹೇಗಿರುತ್ತದೆಂಬುದನ್ನು ದನಕರುಗಳಿರುವ ಮನೆಯ ಮಕ್ಕಳಿಗೆ ವಿವರಿಸಬೇಕಾಗಿಲ್ಲ. ನಮ್ಮೊಡನೆ ಬಂದ ಬಾಲಕನೊಬ್ಬನು, ‘ಇದು ಏಳುತ್ತದೆ’ ಎಂದು ಸಹಜವಾಗಿ ನುಡಿದನು. ಶಿಲ್ಪಿಯ ಉದ್ದೇಶವನ್ನು ಅದಕ್ಕಿಂತ ಚೆನ್ನಾಗಿ ನಾವು ಹೇಳಲಾರೆವು. ಅದು ಯಾರ ಸದ್ದಿಗೆ ಕತ್ತೆತ್ತಿದೆ? ದೇವಾಲಯದ ಪ್ರಾಕಾರದಲ್ಲಿರುವ ನಾಗಲಿಂಗದತ್ತ ಅದು ದೃಷ್ಟಿ ನೆಟ್ಟಿದೆಯೆಂದು ಸ್ಥಳದವರು ಹೇಳುತ್ತಾರೆ. ಹಾಗಾದರೆ ಬಸವನ ನೋಟವು ಮನೆಗಳನ್ನೂ ಬೀದಿಯನ್ನೂ ದಾಟಿ ಗುಡ್ಡದ ಮೇಲಿನ ಲಿಂಗವನ್ನು ಮುಟ್ಟುತ್ತದೆ. ನಡುವಿನ ಊರೆಲ್ಲವೂ ಆ ನೋಟದೊಳಗೆ ಸೇರಿಕೊಳ್ಳುತ್ತದೆ. ಶಿಲ್ಪವೊಂದು ತಾನು ನಿಂತ ಜಾಗಕ್ಕಿಂತ ದೊಡ್ಡದಾಗುವುದು ಹೀಗೆ. ಅದೇ ಬಸವನನ್ನು ಎತ್ತಿ ವಸ್ತುಸಂಗ್ರಹಾಲಯದ ಅಂಗಳದಲ್ಲಿಟ್ಟರೆ ತೂಕ ಉಳಿದೀತು, ನೋಟ ಉಳಿಯದು.

ಸಮೀಪದ ಬಂಡೆಯ ಮೇಲೆ ನಮ್ಮ ಕಾಲದವರು ನಿಲ್ಲಿಸಿರುವ ಜಟಾಯುವಿನ ಪ್ರತಿಮೆಯೂ ಇದೆ. ಮಕ್ಕಳಿಗೆ ಅದೇ ಹೆಚ್ಚು ಇಷ್ಟವಾದರೆ ಬೇಸರಿಸಬೇಡಿರಿ. ಎರಡನ್ನೂ ನೋಡಿ ಯಾವುದು ಏಕೆ ಹಿಡಿಸಿತೆಂದು ಕೇಳಿದರೆ ಸಾಕು. ಉತ್ತರ ಹುಡುಕುವಾಗ ಮಗು ಮತ್ತೊಮ್ಮೆ ನೋಡಲೇಬೇಕಾಗುತ್ತದೆ.

ಬಸವನಿಂದ ದೇವಾಲಯಕ್ಕೆ ನಡೆಯುವ ಹಾದಿಯಲ್ಲಿ ಕಲ್ಲಿನ ವಿಷಯವನ್ನು ಹೇಳಿಬಿಡುವುದು ಒಳ್ಳೆಯದು. ಬೇಲೂರು, ಹಳೇಬೀಡುಗಳನ್ನು ಕಂಡವರು ಲೇಪಾಕ್ಷಿಗೆ ಬಂದಾಗ, ಅಲ್ಲಿಯ ಸೂಕ್ಷ್ಮತೆ ಇಲ್ಲಿಲ್ಲವಲ್ಲ ಎಂದು ಮೂಗು ಮುರಿಯುವುದುಂಟು. ಈ ಹೋಲಿಕೆ ಅನ್ಯಾಯವಾದುದು. ಹೊಯ್ಸಳ ಶಿಲ್ಪಿಗಳ ಕೈಗೆ ಸಿಕ್ಕಿದ್ದು ಬಳಪದ ಕಲ್ಲು. ನೆಲದಿಂದ ತೆಗೆದಾಗ ಮೃದುವಾಗಿದ್ದು, ಗಾಳಿಗೆ ತೆರೆದುಕೊಂಡಂತೆ ಗಟ್ಟಿಯಾಗುವ ಅದರಲ್ಲಿ ಒಡವೆಯ ಎಳೆಯನ್ನೂ ಬಿಡಿಸಬಹುದು. ಇಲ್ಲಿಯದು ಗ್ರಾನೈಟ್. ಹರಳು ಹರಳಾಗಿ ಸಿಡಿಯುವ ಈ ಶಿಲೆಯಲ್ಲಿ ಕೂದಲೆಳೆಯಷ್ಟು ಕೆತ್ತಹೊರಟರೆ ಬೆರಳೇ ಮುರಿದು ಬೀಳುತ್ತದೆ. ಆದುದರಿಂದ ವಿಜಯನಗರದ ಶಿಲ್ಪಿಯು ಅಲಂಕಾರವನ್ನು ಕಡಿಮೆ ಮಾಡಿ ಭಂಗಿಯನ್ನು ನಂಬಿದನು. ಕೈ ಎತ್ತಿದ ರೀತಿ, ಸೊಂಟದ ತಿರುವು, ಊರಿದ ಕಾಲಿನ ಭಾರ, ಇಷ್ಟರಿಂದಲೇ ಅವನು ಮಾತಾಡುತ್ತಾನೆ. ಹೊಯ್ಸಳ ಶಿಲ್ಪವನ್ನು ಹತ್ತಿರದಿಂದ ಓದಬೇಕು. ಲೇಪಾಕ್ಷಿಯ ಕಂಬವನ್ನು ಹತ್ತು ಹೆಜ್ಜೆ ಹಿಂದೆ ಸರಿದು ನೋಡಬೇಕು.

ದೇವಾಲಯವು ಕೂರ್ಮಶೈಲವೆಂಬ ಗುಡ್ಡದ ಮೇಲಿದೆ. ಆಮೆಯ ಬೆನ್ನಿನಂತಿರುವುದರಿಂದ ಆ ಹೆಸರು. ವಿಜಯನಗರದ ಅರಸ ಅಚ್ಯುತದೇವರಾಯನ ಕಾಲದಲ್ಲಿ, ಎಂದರೆ 16ನೆಯ ಶತಮಾನದ ಪೂರ್ವಾರ್ಧದಲ್ಲಿ, ಪೆನುಕೊಂಡೆಯ ಆಡಳಿತಕ್ಕೆ ಸೇರಿದ್ದ ವಿರೂಪಣ್ಣ ಮತ್ತು ವೀರಣ್ಣ ಎಂಬ ಸಹೋದರರು ಇದನ್ನು ಕಟ್ಟಿಸಿದರು. ಊರಿನ ಹೆಸರಿಗೆ ಎರಡು ಕಥೆಗಳಿವೆ. ಗಾಯಗೊಂಡು ಬಿದ್ದಿದ್ದ ಜಟಾಯುವಿಗೆ ಶ್ರೀರಾಮನು ತೆಲುಗಿನಲ್ಲಿ ‘ಲೇ ಪಕ್ಷಿ’, ಏಳು ಹಕ್ಕಿಯೇ, ಎಂದನೆಂಬುದು ಒಂದು. ಬೊಕ್ಕಸದ ಹಣವನ್ನು ಗುಡಿಗೆ ಸುರಿದನೆಂಬ ಆಪಾದನೆಗೆ ಗುರಿಯಾದ ವಿರೂಪಣ್ಣನು ತನ್ನ ಕಣ್ಣುಗಳನ್ನು ತಾನೇ ಕಿತ್ತು ಗೋಡೆಗೆಸೆದನೆಂಬುದು ಇನ್ನೊಂದು. ಗೋಡೆಯ ಮೇಲಿನ ಕೆಂಪು ಕಲೆಗಳನ್ನು ಇಂದಿಗೂ ತೋರಿಸುತ್ತಾರೆ. ಮಾರ್ಗದರ್ಶಿಗಳು ಇವೆರಡನ್ನೂ ಬಹಳ ಚೆನ್ನಾಗಿ ಹೇಳುತ್ತಾರೆ, ಮಕ್ಕಳು ಬಾಯ್ದೆರೆದು ಕೇಳುತ್ತಾರೆ. ಕೇಳಲಿ. ಕಥೆಯು ಕಥೆಯೆಂದೂ, ಕಟ್ಟಿಸಿದವರ ಹೆಸರು ಇತಿಹಾಸವೆಂದೂ ಹಿರಿಯರು ಬೇರೆಯಾಗಿ ತಿಳಿಸಿದರಾಯಿತು.

ಒಳಗೆ ಹೋದೊಡನೆ ಸಿಗುವ ನಾಟ್ಯಮಂಟಪದಲ್ಲಿ ನಮ್ಮ ಮುಖ್ಯ ವಿಷಯವಿದೆ. ಇಲ್ಲಿ ಜನರ ಗುಂಪು ನೇರವಾಗಿ ಒಂದು ಮೂಲೆಗೆ ಸಾಗುತ್ತದೆ. ಅಲ್ಲಿರುವುದು ನೆಲಕ್ಕೆ ಪೂರ್ತಿಯಾಗಿ ತಾಗದ ಆ ಪ್ರಸಿದ್ಧ ಕಂಬ. ಬ್ರಿಟಿಷರ ಕಾಲದ ಎಂಜಿನಿಯರನೊಬ್ಬನು ಅದರ ಗುಟ್ಟನ್ನು ಹುಡುಕಹೋಗಿ ಅದನ್ನು ಸ್ವಲ್ಪ ಕದಲಿಸಿದನೆಂದು ಹೇಳುತ್ತಾರೆ. ಚಾವಣಿಯ ಭಾರವನ್ನು ಸುತ್ತಲಿನ ಕಂಬಗಳು ಹೊತ್ತಿರುವುದರಿಂದ ಒಂದು ಕಂಬ ತುಸು ಮೇಲೆ ನಿಂತರೂ ಮಂಟಪಕ್ಕೆ ಬಾಧೆಯಿಲ್ಲ. ಬಟ್ಟೆ ತೂರಿಸುವ ಸಂಭ್ರಮವನ್ನು ಮುಗಿಸಿಕೊಂಡು, ಮಕ್ಕಳನ್ನು ಮಂಟಪದ ನಟ್ಟನಡುವೆ ಕರೆತನ್ನಿರಿ.

ಅಲ್ಲಿ ನಿಂತು ಸುತ್ತ ತಿರುಗಿದಾಗ ಒಂದು ಅಚ್ಚರಿ ಕಾದಿದೆ. ನಡುವಣ ಕಂಬಗಳ ಮೇಲೆ ಆಳೆತ್ತರದ ಮೂರ್ತಿಗಳಿವೆ. ಬ್ರಹ್ಮನು ಮದ್ದಳೆ ಬಾರಿಸುತ್ತಿದ್ದಾನೆ, ತುಂಬುರನು ವೀಣೆ ಹಿಡಿದಿದ್ದಾನೆ, ರಂಭೆ ನರ್ತಿಸುತ್ತಿದ್ದಾಳೆ, ನಟರಾಜನಿದ್ದಾನೆ. ತಲೆಯ ಮೇಲೆ ಚಾವಣಿಯಲ್ಲಿ ಅರಳಿದ ದೊಡ್ಡ ಕಮಲ. ಅಂದರೆ ಇದೊಂದು ಕಲ್ಲಿನ ಮೇಳ, ನಾವು ನಿಂತಿರುವುದು ರಂಗದ ಮೇಲೆ. ಹೊರಗಿನಿಂದ ಒಂದೊಂದೇ ಕಂಬವನ್ನು ನೋಡುತ್ತಾ ಸುತ್ತಿದರೆ ಬಿಡಿ ಬಿಡಿ ದೇವತೆಗಳು ಸಿಗುತ್ತಾರೆ. ನಡುವೆ ನಿಂತರೆ ಮಾತ್ರ ಕಛೇರಿ ಕೂಡುತ್ತದೆ. ಮೊದಲ ಭೇಟಿಯಲ್ಲಿ ನಾವು ಕಳೆದುಕೊಂಡದ್ದು ಇದನ್ನೇ. ಐದು ನಿಮಿಷ ಅಲ್ಲಿ ಸುಮ್ಮನೆ ನಿಲ್ಲಲು ಸಾಧ್ಯವಾದರೆ, ಯಾರ ಕೈ ಯಾರ ತಾಳಕ್ಕೆ ಹೊಂದಿಕೊಂಡಿದೆಯೆಂದು ಕಣ್ಣು ತಾನೇ ಹುಡುಕತೊಡಗುತ್ತದೆ.

ಈ ಮೇಳದಲ್ಲಿ ಮಕ್ಕಳು ತಪ್ಪದೆ ಗುರುತಿಸುವವನು ಭೃಂಗಿ, ಏಕೆಂದರೆ ಅವನಿಗೆ ಮೂರು ಕಾಲುಗಳು. ಶಿವನಿಗೆ ಮಾತ್ರ ಪ್ರದಕ್ಷಿಣೆ ಬರುವೆನು, ಪಾರ್ವತಿಗೆ ಬಾರೆನು ಎಂದು ಹಟ ಹಿಡಿದ ಋಷಿ ಇವನು. ಪಾರ್ವತಿಯು ಮುನಿದು ಅವನ ದೇಹದ ಬಲವನ್ನು ಹಿಂತೆಗೆದುಕೊಂಡಳು. ನಿಲ್ಲಲಾರದೆ ಕುಸಿದವನಿಗೆ ಶಿವನು ಕನಿಕರಿಸಿ ಮೂರನೆಯ ಕಾಲನ್ನಿತ್ತನು. ಈ ಕಥೆಯನ್ನು ಮೊದಲೇ ಹೇಳಬೇಡಿರಿ. ‘ಇವನಿಗೇಕೆ ಮೂರು ಕಾಲು?’ ಎಂದು ಮಗು ಕೇಳುವವರೆಗೆ ಕಾಯಿರಿ. ಕೇಳಿದ ಬಳಿಕ ಹೇಳಿದ ಕಥೆಯು ಮೂರ್ತಿಯೊಡನೆ ಅಂಟಿಕೊಳ್ಳುತ್ತದೆ. ಆವರಣದಲ್ಲಿ ಒಂದೇ ದೇಹಕ್ಕೆ ಮೂರು ತಲೆಗಳಿರುವ ಹಸುವಿನ ಕೆತ್ತನೆಯನ್ನೂ ಹುಡುಕಿಸಬಹುದು: ಅಂಗೈಯಿಂದ ಎರಡು ತಲೆಗಳನ್ನು ಮರೆಮಾಡಿದರೆ ಉಳಿದ ಒಂದೊಂದು ತಲೆಯೊಡನೆಯೂ ಅದೇ ದೇಹವು ಬೇರೊಂದು ಭಂಗಿಯ ಹಸುವಾಗುತ್ತದೆ. ಕೈಯನ್ನು ಕಲ್ಲಿಗೆ ತಾಗಿಸದೆ, ಕಣ್ಣಿನ ಮುಂದೆ ಹಿಡಿದರೆ ಸಾಕು.

ಹಿಂಭಾಗಕ್ಕೆ ಹೋದರೆ ಏಳು ಹೆಡೆಯ ನಾಗಲಿಂಗವಿದೆ. ತಾಯಿ ಅಡುಗೆ ಮುಗಿಸುವಷ್ಟರಲ್ಲಿ ಶಿಲ್ಪಿಗಳು ಇದನ್ನು ಕೆತ್ತಿ ಮುಗಿಸಿದರೆಂದೂ, ಅವಳ ದೃಷ್ಟಿ ತಾಗಿ ಕಲ್ಲು ಬಿರಿಯಿತೆಂದೂ ಐತಿಹ್ಯ. ಅಲ್ಲಿಂದ ಮುಂದಿನ ಕಲ್ಯಾಣಮಂಟಪವು ನಮಗೆ ನಾಗಲಿಂಗಕ್ಕಿಂತಲೂ ಪ್ರಿಯ. ಅದು ಅಪೂರ್ಣವಾಗಿ ನಿಂತಿರುವುದೇ ಅದಕ್ಕೆ ಕಾರಣ. ಶಿವಪಾರ್ವತಿಯರ ಮದುವೆಗೆ ಬಂದ ದೇವತೆಗಳು ಕಂಬಗಳ ಮೇಲೆ ನೆರೆದಿದ್ದಾರೆ, ಮೇಲೆ ಚಾವಣಿಯಿಲ್ಲ. ಮುಗಿದ ಶಿಲ್ಪವು ತಾನು ಹೇಗಾಯಿತೆಂಬುದನ್ನು ಮುಚ್ಚಿಡುತ್ತದೆ; ಮುಗಿಯದ ಕಟ್ಟಡವು ಎಲ್ಲವನ್ನೂ ಬಿಚ್ಚಿಡುತ್ತದೆ. ಕಂಬವನ್ನು ಮೊದಲು ನಿಲ್ಲಿಸಿದರೋ, ತೊಲೆಯನ್ನು ಹೇಗೆ ಏರಿಸಬೇಕೆಂದಿದ್ದರೋ ಎಂದು ಮಕ್ಕಳು ವಾದಿಸಲು ಇದಕ್ಕಿಂತ ಒಳ್ಳೆಯ ಜಾಗ ಸಿಗದು. ಈ ಸೀಮೆಯ ಬಂಡೆಗಳ ಅಂಚಿನಲ್ಲಿ ಸಾಲಾಗಿ ಕೊರೆದ ಗುಳಿಗಳು ಎಲ್ಲಿಯಾದರೂ ಕಂಡರೆ ತೋರಿಸಿರಿ: ಅವು ಬೆಣೆ ಹೊಡೆದು ಕಲ್ಲು ಸೀಳಲು ಮಾಡಿದ ಗುರುತುಗಳು. ಒಂದು ಸಾಲು ಗುಳಿ, ಬೆಣೆಗಳ ಮೇಲೆ ಸಮನಾದ ಪೆಟ್ಟು, ಬಂಡೆಯು ನೇರವಾದ ಗೆರೆಯಲ್ಲಿ ಸೀಳುತ್ತದೆ. ನಮ್ಮ ಊರುಗಳ ಕಲ್ಲುಕುಟಿಗರು ಮೊನ್ನೆ ಮೊನ್ನೆಯವರೆಗೂ ಹೀಗೆಯೇ ಮಾಡುತ್ತಿದ್ದರು.

ಚಾವಣಿಯ ಚಿತ್ರಗಳನ್ನು ಕುರಿತು ಬೇರೊಂದು ಲೇಖನವನ್ನೇ ಬರೆಯಬಹುದು. ಇಲ್ಲಿ ಎರಡು ಮಾತು. ಗಾರೆಯ ಮೇಲೆ ಕೆಂಪು, ಕಾವಿ, ಹಸಿರು, ಕಪ್ಪು, ಬಿಳುಪು ಬಣ್ಣಗಳಲ್ಲಿ ಬರೆದ ಈ ಸಾಲುಚಿತ್ರಗಳಲ್ಲಿ ಪಾರ್ವತಿಯ ಕಲ್ಯಾಣ, ಕಿರಾತಾರ್ಜುನರ ಕಥೆ, ವೀರಭದ್ರನ ಬೃಹತ್ ರೂಪ ಎಲ್ಲವೂ ಇವೆ. ಕಟ್ಟಿಸಿದ ಸಹೋದರರೂ ಉದ್ದನೆಯ ಕುಲ್ಲಾಯಿ ಧರಿಸಿ ಭಕ್ತರಾಗಿ ನಿಂತಿದ್ದಾರೆ. ಕತ್ತು ನೋಯುವುದು ಖಂಡಿತ. ಎಲ್ಲವನ್ನೂ ನೋಡುವ ಹಟ ಬೇಡ. ಹೆಂಗಸರ ಸೀರೆಗಳ ಮೇಲಿನ ವಿನ್ಯಾಸಗಳನ್ನು ಮಾತ್ರ ನೋಡುತ್ತಾ ಹೋದರೂ ಒಂದು ಗಂಟೆ ಸಾಲದು. ಹೊರಗಿನ ಲತಾಮಂಟಪದ ಕಂಬಗಳ ಬಳ್ಳಿ, ಹೂವು, ಹಕ್ಕಿಗಳ ವಿನ್ಯಾಸಗಳು ಇಂದಿಗೂ ಸೀರೆಯ ಅಂಚಿನಲ್ಲಿ ನೇಯಲ್ಪಡುತ್ತಿವೆ. ಅಮ್ಮನೋ ಅಜ್ಜಿಯೋ ಉಟ್ಟ ಸೀರೆಯ ಸೆರಗನ್ನು ಹಿಡಿದು ಅದೇ ಬಳ್ಳಿಯನ್ನು ಹುಡುಕುವ ಆಟವನ್ನು ಮಕ್ಕಳು ತಾವೇ ಕಂಡುಕೊಂಡದ್ದನ್ನು ನಾವು ನೋಡಿದ್ದೇವೆ.

ಈಗ, ಆರಂಭದಲ್ಲಿ ಹೇಳಿದ ಆ ಅನುಕೂಲದ ಮಾತು. ಲೇಪಾಕ್ಷಿಯ ಆವರಣದಲ್ಲಿ ಕನ್ನಡ ಶಾಸನಗಳಿವೆ. ಬರುವವರಲ್ಲಿ ಬಹುಮಂದಿ ಅವನ್ನು ದಾಟಿಹೋಗುತ್ತಾರೆ, ಏಕೆಂದರೆ ದೂರದಿಂದ ಅವು ಕಲ್ಲಿನ ಒರಟುತನದಂತೆಯೇ ಕಾಣುತ್ತವೆ. ಆದರೆ ವಿಜಯನಗರ ಕಾಲದ ಲಿಪಿಯು ಇಂದಿನ ನಮ್ಮ ಲಿಪಿಗೆ ತುಂಬ ಹತ್ತಿರದ್ದು. ಐದನೆಯ ತರಗತಿಯ ಮಗುವೂ ಸ್ವಲ್ಪ ತಾಳ್ಮೆಯಿಂದ ಕುಳಿತರೆ ಹತ್ತಾರು ಅಕ್ಷರಗಳನ್ನು ಗುರುತಿಸಬಲ್ಲದು. ಒತ್ತಕ್ಷರಗಳು ಎಡವಿಸುತ್ತವೆ, ಪದಗಳ ನಡುವೆ ಬಿಡುವಿಲ್ಲದಿರುವುದು ಕಂಗೆಡಿಸುತ್ತದೆ. ಸಾಲಿನ ಮೊದಲಲ್ಲಿ ‘ಶ್ರೀ’ಕಾರವನ್ನು ಹುಡುಕಿರಿ, ಅನಂತರ ‘ಶಕ’ ಎಂಬುದನ್ನು. ಶಕವರ್ಷಕ್ಕೆ 78 ಕೂಡಿದರೆ ನಮ್ಮ ಕ್ಯಾಲೆಂಡರಿನ ವರ್ಷ ಬರುತ್ತದೆ. ಶಕ 1455 ಎಂದಿದ್ದರೆ ಅದು 1533. ತರಗತಿಯಲ್ಲಿ ಬೇಸರ ತರಿಸುವ ಕೂಡುವ ಲೆಕ್ಕವು ಕಲ್ಲಿನ ಮುಂದೆ ಬೇರೆಯದೇ ರುಚಿ ಪಡೆಯುತ್ತದೆ.

ಓದುವಾಗ ಒಂದು ಎಚ್ಚರಿಕೆ. ಅಕ್ಷರ ಕಾಣಲೆಂದು ಸೀಮೆಸುಣ್ಣ ಬಳಿಯುವುದು, ಹಿಟ್ಟು ಉಜ್ಜುವುದು, ಇದ್ದಿಲು ತಿಕ್ಕುವುದು ಕೂಡದು. ಒಳ್ಳೆಯ ಉದ್ದೇಶದಿಂದಲೇ ಹೀಗೆ ಮಾಡಿ ಕಲ್ಲುಗಳನ್ನು ಕೆಡಿಸಿದವರಿದ್ದಾರೆ. ಫೋನಿನ ದೀಪವನ್ನು ಕಲ್ಲಿಗೆ ಎದುರಾಗಿ ಹಿಡಿಯದೆ ಪಕ್ಕದಿಂದ, ಬಹುತೇಕ ಕಲ್ಲಿಗೆ ಸಮಾನಾಂತರವಾಗಿ ಹಿಡಿದರೆ ತಗ್ಗುಗಳೆಲ್ಲ ನೆರಳಿನಿಂದ ತುಂಬಿ ಅಕ್ಷರಗಳು ತಾವಾಗಿಯೇ ಮೇಲೇಳುತ್ತವೆ. ಬಸವನಿಗೆ ಸಂಜೆಯ ಬಿಸಿಲು ಮಾಡುವ ಕೆಲಸವನ್ನೇ ಇಲ್ಲಿ ಈ ಪುಟ್ಟ ದೀಪ ಮಾಡುತ್ತದೆ.

ಲೇಪಾಕ್ಷಿಯ ಅಕ್ಷರಗಳು ಕೈಗೆಟುಕಿದ ಮೇಲೆ, ಇನ್ನೂ ಆರು ಶತಮಾನಗಳಷ್ಟು ಹಿಂದಕ್ಕೆ ಹೋಗುವ ಆಸೆ ಹುಟ್ಟಿದರೆ ಬಹಳ ದೂರ ಹೋಗಬೇಕಿಲ್ಲ. ಅದೇ ಜಿಲ್ಲೆಯಲ್ಲಿ, ಅಮರಾಪುರ ಮಂಡಲದಲ್ಲಿ, ಶಿರಾ ಕಡೆಯ ಗಡಿಗೆ ತೀರ ಸಮೀಪದಲ್ಲಿ ಹೇಮಾವತಿ ಎಂಬ ಊರಿದೆ. ಇಲ್ಲಿಯ ಸಿದ್ಧೇಶ್ವರನಿಗೆ ಗಡಿಯ ಎರಡೂ ಕಡೆಗಳಿಂದ ಒಕ್ಕಲುಗಳಿವೆ. ಭಕ್ತರಿಗೆ ಇದು ಪರಿಚಿತ ಕ್ಷೇತ್ರ. ಪ್ರವಾಸಿಗರ ಬಸ್ಸುಗಳು ಮಾತ್ರ ಇತ್ತ ಬರುವುದು ಅಪರೂಪ. 9 ಮತ್ತು 10ನೆಯ ಶತಮಾನಗಳಲ್ಲಿ ಇದು ನೊಳಂಬ ಅರಸರ ರಾಜಧಾನಿ, ನೊಳಂಬವಾಡಿ ಮೂವತ್ತೆರಡು ಸಾಸಿರದ ಕೇಂದ್ರ. ಹಳೆಯ ಶಾಸನಗಳಲ್ಲಿ ಊರಿನ ಹೆಸರು ಪೆಂಜೆಱು, ಬಳಿಕ ಹೆಂಜೇರು. ಪಾಲು ಹಾಲಾದಂತೆ, ಪೂ ಹೂವಾದಂತೆ, ಪೆಂಜೆಱು ಹೆಂಜೇರಾಯಿತು. ಹಳಗನ್ನಡದ ಪಕಾರವು ಹಕಾರವಾಗುವುದೆಂದು ವ್ಯಾಕರಣದ ಪಾಠದಲ್ಲಿ ಓದಿದ್ದು ಇಲ್ಲಿ ಒಂದು ಊರಿನ ರೂಪದಲ್ಲಿ ಎದುರಿಗೆ ಬರುತ್ತದೆ.

ಹೆಂಜೇರಿನ ಶಿಲ್ಪವು ಲೇಪಾಕ್ಷಿಯದರಂತಲ್ಲ. ಕಲ್ಲು ಕಪ್ಪಗಿದೆ, ನುಣುಪಾಗಿದೆ. ಆದುದರಿಂದ ನಾವು ಮತ್ತೆ ಹತ್ತಿರಕ್ಕೆ ಹೋಗಬೇಕು. ದೊಡ್ಡೇಶ್ವರ ದೇವಾಲಯದ ಜಾಲಂಧ್ರಗಳ ಮುಂದೆ ಮಕ್ಕಳನ್ನು ನಿಲ್ಲಿಸಿರಿ. ಜಾಲಂಧ್ರವೆಂದರೆ ಕಲ್ಲನ್ನು ಕೊರೆದು ಮಾಡಿದ ಕಿಟಕಿ. ಇಲ್ಲಿ ಅವುಗಳಲ್ಲಿ ಗಂಗೆ, ಯಮುನೆಯರು ನಿಂತಿದ್ದಾರೆ. ಹೊರಗಿನಿಂದ ನೋಡಿದಾಗ ಅದು ಮೂರ್ತಿ. ಒಳಗಿನಿಂದ ನೋಡಿದಾಗ ಅದೇ ಬೆಳಕಿನ ಬಲೆ, ಮೂರ್ತಿಯು ಕಪ್ಪು ನೆರಳು. ಒಂದೇ ಕೆತ್ತನೆಯು ಎರಡು ಕಡೆಯಿಂದ ಎರಡು ಕಲೆಯಾಗುವುದನ್ನು ನಾವು ಕಂಡದ್ದು ಕಡಿಮೆ. ಹೊರಗೆ ಇಬ್ಬರು ಮಕ್ಕಳು, ಒಳಗೆ ಇಬ್ಬರು ನಿಂತು ತಾವು ಕಂಡದ್ದನ್ನು ಕೂಗಿ ಹೇಳಿಕೊಂಡರೆ ಅದೇ ಒಂದು ಪಾಠ. ಸಿದ್ಧೇಶ್ವರನ ಗುಡಿಯಲ್ಲಿ ಶಿವನು ಲಿಂಗರೂಪದಲ್ಲಿರದೆ ಕುಳಿತ ಮಾನವರೂಪದಲ್ಲಿ ಪೂಜೆಗೊಳ್ಳುತ್ತಾನೆ, ಅದೂ ಅಪರೂಪವೇ. ಬಯಲಿನಲ್ಲಿ, ಹೊಲದಲ್ಲಿ ದೊರೆತ ಶಿಲ್ಪಗಳನ್ನು ಕೂಡಿಸಿಟ್ಟ ಪುರಾತತ್ತ್ವ ಇಲಾಖೆಯ ವಸ್ತುಸಂಗ್ರಹಾಲಯವೂ ಊರಿನಲ್ಲಿದೆ. ಇಂಥ ಸ್ಥಳೀಯ ಸಂಗ್ರಹಾಲಯಗಳಿಗೆ ಸಾಮಾನ್ಯವಾಗಿ ಶುಕ್ರವಾರ ರಜೆಯಿರುವುದರಿಂದ ಅದನ್ನು ವಿಚಾರಿಸಿಕೊಂಡು ಹೊರಡುವುದು ಲೇಸು.

ಹೆಂಜೇರಿನಲ್ಲಿ ಇರುವುದರಷ್ಟೇ, ಅಲ್ಲಿ ಇಲ್ಲದುದರ ಕಥೆಯೂ ದೊಡ್ಡದು. ಗಂಗರ ಮಾರಸಿಂಹನು ನೊಳಂಬರನ್ನು ಸೋಲಿಸಿ ‘ನೊಳಂಬಕುಲಾಂತಕ’ ಎಂಬ ಬಿರುದು ಧರಿಸಿದನು. ಅನಂತರ ಚೋಳರು ಬಂದರು. ರಾಜರಾಜ ಚೋಳನು ಗೆದ್ದ ನಾಡುಗಳ ಪಟ್ಟಿಯಲ್ಲಿ ನೊಳಂಬವಾಡಿಯ ಹೆಸರೂ ಇದೆ. ಯುದ್ಧದಲ್ಲಿ ಆನೆ, ಕುದುರೆ, ಬಂಗಾರಗಳನ್ನು ಒಯ್ಯುವುದು ಸಾಮಾನ್ಯ. ಚೋಳರು ಇಲ್ಲಿಂದ ಕಂಬಗಳನ್ನೇ ಒಯ್ದರು. ತಂಜಾವೂರಿನ ಸಮೀಪದ ತಿರುವೈಯಾರಿನಲ್ಲಿ, ಕಾವೇರಿಯ ದಡದ ಐಯಾರಪ್ಪರ್ ದೇವಾಲಯದ ಆವರಣದಲ್ಲಿ ನೊಳಂಬ ಕಂಬಗಳು ಇಂದಿಗೂ ನಿಂತಿವೆ. ಅಷ್ಟು ಭಾರದ ಕಲ್ಲನ್ನು ಗಾಡಿಗಳ ಮೇಲೆ ಹೇರಿ ಅಷ್ಟು ದೂರ ಒಯ್ಯಬೇಕಾದರೆ, ಗೆದ್ದವರ ಕಣ್ಣಿಗೂ ಆ ಕೆತ್ತನೆ ಎಷ್ಟು ಹಿಡಿಸಿರಬೇಕು! ತ್ಯಾಗರಾಜರ ಆರಾಧನೆಗೆಂದು ತಿರುವೈಯಾರಿಗೆ ಹೋಗುವ ಸಂಗೀತಪ್ರಿಯ ಕುಟುಂಬಗಳು ನಮ್ಮ ಹೊಸೂರು ಭಾಗದಲ್ಲಿಯೂ ಇವೆ. ಅವರು ಮುಂದಿನ ಸಲ ಆ ಕಂಬಗಳನ್ನು ಒಮ್ಮೆ ಮಾತಾಡಿಸಿ ಬರಲಿ.

ಮುಂದೆ ಬ್ರಿಟಿಷರ ಕಾಲದಲ್ಲಿ ಅನಂತಪುರವು ಮದರಾಸು ಪ್ರಾಂತಕ್ಕೆ ಸೇರಿದ್ದುದರಿಂದ ಹೇಮಾವತಿಯ ಹಲವು ಶಿಲ್ಪಗಳು ಮದರಾಸಿನ ಸರ್ಕಾರಿ ವಸ್ತುಸಂಗ್ರಹಾಲಯವನ್ನು ಸೇರಿದವು. ಚೆನ್ನೈನ ಎಗ್ಮೋರಿನಲ್ಲಿರುವ ಆ ಸಂಗ್ರಹಾಲಯದ ನೊಳಂಬ ಶಿಲ್ಪಗಳನ್ನು ಕುರಿತು ಸಿ. ಶಿವರಾಮಮೂರ್ತಿಯವರು ಪುಸ್ತಕವನ್ನೇ ಬರೆದಿದ್ದಾರೆ. ಅದೇ ಆಡಳಿತದ ಕಾಲದಲ್ಲಿ ಪ್ರತಿಮಾಡಿಕೊಂಡ ಈ ಸೀಮೆಯ ಕನ್ನಡ ಶಾಸನಗಳು ‘ದಕ್ಷಿಣ ಭಾರತದ ಶಾಸನಗಳು’ ಮಾಲೆಯ 9ನೆಯ ಸಂಪುಟದಲ್ಲಿ ಅಚ್ಚಾದವು. ಆ ಸಂಪುಟದ ವಿಷಯವೇ ಮದರಾಸು ಪ್ರಾಂತದ ಕನ್ನಡ ಶಾಸನಗಳು. ನೊಳಂಬರನ್ನು ಎದುರಿಸಿದವರ ಕಲ್ಲೊಂದು ಬೆಂಗಳೂರಿನಲ್ಲಿದೆ. ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಬೇಗೂರಿನ ವೀರಗಲ್ಲಿನಲ್ಲಿ, ಗಂಗ ಎರೆಯಪ್ಪನ ಕಡೆಯ ನಾಗತ್ತರನು ವೀರಮಹೇಂದ್ರನ ಸೈನ್ಯದೊಡನೆ ಹೋರಾಡಿ ಆನೆಗಳ ನಡುವೆ ಮಡಿದ ಸಂಗತಿಯನ್ನು ಚಿತ್ರದಲ್ಲಿಯೂ ಕನ್ನಡದ ಅಕ್ಷರಗಳಲ್ಲಿಯೂ ಕೆತ್ತಿದ್ದಾರೆ. ಆ ಮಹೇಂದ್ರನು ಹೆಂಜೇರಿನ ದೊರೆ. ಹೀಗೆ ಒಂದು ಊರನ್ನು ಪೂರ್ತಿ ನೋಡಬೇಕಾದರೆ ಮೂರು ರಾಜ್ಯಗಳನ್ನು ಸುತ್ತಬೇಕಾಗಿದೆ. ಗಡಿನಾಡಿನ ಕುಟುಂಬಗಳಿಗೆ ಇದೇನೂ ಹೊಸತಲ್ಲ. ನಮ್ಮ ನೆಂಟಸ್ತಿಕೆಗಳೂ ಹೀಗೆಯೇ ಹರಡಿಕೊಂಡಿವೆ.

ಲೇಪಾಕ್ಷಿಗಾಗಲಿ ಹೆಂಜೇರಿಗಾಗಲಿ ಹೋಗಲಾಗದವರಿಗೆ ವೀರಗಲ್ಲು ಇದೆ. ಹೊಸೂರಿನಲ್ಲಿ, ರಾಯದುರ್ಗದಲ್ಲಿ, ಕನ್ನಡದವರು ಬಾಳಿದ ಎಷ್ಟೋ ಹಳ್ಳಿಗಳ ಅಂಚಿನಲ್ಲಿ, ಕೆರೆಯ ಏರಿಯ ಮೇಲೆ, ಬೇವಿನ ಮರದ ಬುಡದಲ್ಲಿ ಇವು ನಿಂತಿರುತ್ತವೆ. ಯಾವ ಟಿಕೆಟ್ಟೂ ಇಲ್ಲದ ಬಯಲ ಶಿಲ್ಪಗಳಿವು. ನೋಡುವ ಕ್ರಮ ಕೆಳಗಿನಿಂದ ಮೇಲಕ್ಕೆ. ಕೆಳಗಿನ ಪಟ್ಟಿಯಲ್ಲಿ ಕಾದಾಟ, ಅಥವಾ ಕಳ್ಳರಿಂದ ಬಿಡಿಸಿಕೊಳ್ಳುತ್ತಿರುವ ದನಗಳ ಹಿಂಡು. ನಡುವೆ ಮಡಿದ ವೀರನನ್ನು ಇಬ್ಬರು ಅಪ್ಸರೆಯರು ಎತ್ತಿಕೊಂಡು ಹೋಗುತ್ತಾರೆ. ಮೇಲೆ ಅವನು ಶಿವಲಿಂಗದ ಸನ್ನಿಧಿಯಲ್ಲಿ ಕುಳಿತಿದ್ದಾನೆ, ತುದಿಯಲ್ಲಿ ಸೂರ್ಯಚಂದ್ರರು. ಪಟ್ಟಿಗಳ ನಡುವಿನ ಅಂಚುಗಳಲ್ಲಿ ಅಕ್ಷರಗಳಿದ್ದರೆ ಅವನ ಹೆಸರೂ ಸಿಕ್ಕೀತು. ಎಲ್ಲ ವೀರಗಲ್ಲುಗಳಲ್ಲಿಯೂ ಮೂರೇ ಪಟ್ಟಿಗಳಿರಬೇಕೆಂದಿಲ್ಲ. ಹಳೆಯವುಗಳಲ್ಲಿ ಒಂದೇ ದೃಶ್ಯ ಇರುವುದೂ ಉಂಟು.

ಇವುಗಳಲ್ಲಿ ಅನೇಕವು ಅರ್ಧ ಹೂತುಹೋಗಿವೆ, ಕೆಲವು ಬಟ್ಟೆ ಒಗೆಯುವ ಕಲ್ಲಾಗಿವೆ, ರಸ್ತೆ ಅಗಲವಾಗುವಾಗ ಕೆಲವು ಕಾಣೆಯಾಗಿವೆ. ನಿಮ್ಮ ಊರಿನ ಕಲ್ಲಿನ ಮೇಲೆ ಅಕ್ಷರಗಳು ಕಂಡರೆ ಅದನ್ನು ಅಗೆಯದೆ, ತೊಳೆಯದೆ, ಸಂಜೆಯ ಓರೆ ಬೆಳಕಿನಲ್ಲಿ ಎದುರಿನಿಂದಲೂ ಎರಡೂ ಪಕ್ಕಗಳಿಂದಲೂ ಚಿತ್ರ ತೆಗೆದು, ಅದು ನಿಂತಿರುವ ಜಾಗವನ್ನು ಸ್ಪಷ್ಟವಾಗಿ ಬರೆದು ಶಾಲೆಯ ಮುಖ್ಯೋಪಾಧ್ಯಾಯರಿಗೆ ಕೊಡಿರಿ. ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಶಾಸನ ವಿಭಾಗದ ಕಚೇರಿಯು, ಮೊದಲು ನೀಲಗಿರಿಯ ಊಟಿಯಲ್ಲಿದ್ದುದು, ಈಗ ಮೈಸೂರಿನಲ್ಲಿದೆ. ಕಲ್ಲಿನ ಪಡಿಯಚ್ಚು ತೆಗೆದು ಓದುವ ವಿದ್ವಾಂಸರು ಅಲ್ಲಿದ್ದಾರೆ. ಪತ್ರವನ್ನು ಕನ್ನಡದಲ್ಲಿಯೇ ಬರೆಯಬಹುದು. ಬರೆಯುವ ಕೆಲಸವನ್ನು ಮಗುವಿಗೇ ವಹಿಸಿರಿ. ಕಲ್ಲಿನಲ್ಲಿ ಗುರುತಿಸಿದ ಅಕ್ಷರಗಳನ್ನು, ಅನುಮಾನವಿರುವ ಕಡೆ ಚುಕ್ಕಿಯಿಟ್ಟು, ಸಾಲು ಸಾಲಾಗಿ ಅದೇ ಬರೆಯಲಿ.